ದಸ್ತಗೀರ್ ಸಾಬರ ಬಲಗೈ ಮತ್ತು ಆರಡಿ ಲೇತ್

ಕೋವಿಡ್ ಹಾವಳಿ ತಗ್ಗಿ ಅಂಗಡಿ ಮುಂಗಟ್ಟುಗಳು ಮತ್ತೆ ಬಾಗಿಲು ತೆರೆದಿದ್ದ ವರ್ಷ ಅದು. ನಾನು ನಿವೃತ್ತನಾಗಿ ಶಿಕಾರಿಪುರಕ್ಕೆ ಮರಳಿ ಆಗಲೇ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಹರಿಹರದ ಕಡೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫಿಟ್ಟರ್ ಆಗಿದ್ದೆ. ಸವೆದ ಯಂತ್ರಗಳನ್ನು ಬಿಚ್ಚಿ, ಅಳೆದು, ಮತ್ತೆ ಹೊಸದರಷ್ಟು ನಿಖರವಾಗಿ ನಿಲ್ಲಿಸುವುದು ನನ್ನ ಕೆಲಸ. ನಿವೃತ್ತಿಯ ಮೇಲೂ ಸುತ್ತಲಿನ ವರ್ಕ್‌ಶಾಪಿನವರು ಕರೆಯುತ್ತಿದ್ದರು, ನಾನೂ ಕೈಚೀಲ ಹಿಡಿದು ಹೋಗುತ್ತಿದ್ದೆ.

ಒಂದು ದಿನ ಆನವಟ್ಟಿಯಿಂದ ಶಮೀಮ್ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ಐಟಿಐಯಲ್ಲಿ ಟರ್ನರ್ ಕಲಿತವಳು, ಶಿವಮೊಗ್ಗದಲ್ಲಿ ಮೂರು ವರ್ಷ ಲೇತ್, ಅಂದರೆ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ, ಓಡಿಸಿದವಳು. ತಂದೆ ದಸ್ತಗೀರ್ ಸಾಬರಿಗೆ ಕಣ್ಣು ಮಂಜಾಗತೊಡಗಿದ್ದರಿಂದ ಅವರ ವರ್ಕ್‌ಶಾಪ್ ನೋಡಿಕೊಳ್ಳಲು ಊರಿಗೆ ಬಂದಿದ್ದಳು. "ಸರ್, ನಮ್ಮ ಲೇತ್ ನೋಡಿದೋರೆಲ್ಲ ಗುಜರಿಗೆ ಹಾಕ್ರಿ ಅಂತಾರ. ನೀವೊಂದ್ಸಲ ಬಂದು ನೋಡಿ ಹೇಳ್ರಿ. ನೀವೂ ಹಂಗ ಅಂದ್ರ ಹಾಕಿಬಿಡ್ತೀವಿ" ಎಂದಳು.

ಮರುದಿನ ಬಸ್ಸು ಹತ್ತಿ ಹೋದೆ. ಬೀದಿಗೆ ತೆರೆದುಕೊಂಡ ತಗಡಿನ ಶೆಡ್ಡು. ಅದರೊಳಗೆ ಹಳೆಯ ಲೇತ್. ಕತ್ತರಿಸುವ ಟೂಲ್ ಜಾರುವ ಕಬ್ಬಿಣದ ಹಾಸು, ಅಂದರೆ ಬೆಡ್, ಆರಡಿ ಉದ್ದ. ತಯಾರಿಸಿದವರ ಹೆಸರಿನ ಫಲಕ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಮುಚ್ಚಿಹೋದ ಯಾವುದೋ ಮಿಲ್ಲಿನ ಹರಾಜಿನಲ್ಲಿ ಸಾಬರು ಅದನ್ನು ತಂದು ಮೂವತ್ತೊಂದು ವರ್ಷವಾಗಿತ್ತು. ತರುವಾಗಲೇ ಅದಕ್ಕೆ ಸಾಕಷ್ಟು ವಯಸ್ಸಾಗಿತ್ತಂತೆ. ಪಂಪ್‌ಸೆಟ್ಟಿನ ಶಾಫ್ಟು, ಟಿಲ್ಲರಿನ ಪಿನ್ನು, ಗಿರಣಿಯ ಬುಷ್ಷು, ಸುತ್ತಿನ ಹಳ್ಳಿಗಳ ಕಬ್ಬಿಣದ ಕೆಲಸವೆಲ್ಲ ಅದರ ಮೇಲೆಯೇ ಆಗಿತ್ತು.

"ಮಷೀನ್ ಸರಿ ಐತ್ರಿ ಬಸಣ್ಣಾರ," ಎಂದರು ಸಾಬರು. "ಮಗಳಿಗೆ ಇನ್ನೂ ಕೈ ಕುಂತಿಲ್ಲ, ಅಷ್ಟ."

ಶಮೀಮ್ ವಾದ ಮಾಡಲಿಲ್ಲ. ಒಂದಡಿ ಉದ್ದದ ಸರಳನ್ನು ಕಟ್ಟಿ, ಆಟೋ ಫೀಡ್ ಹಾಕಿ, ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತಳು. ಟೂಲ್ ಬಲತುದಿಯಿಂದ ಹೊರಟು ಚಕ್ಕಿನವರೆಗೆ ತಾನೇ ಕತ್ತರಿಸುತ್ತ ಹೋಯಿತು. ಚಕ್ ಎಂದರೆ ಸರಳನ್ನು ಕಚ್ಚಿ ಹಿಡಿದು ತಿರುಗಿಸುವ ಭಾಗ. ನಾನು ಮೈಕ್ರೋಮೀಟರಿನಿಂದ ಎರಡೂ ತುದಿ ಅಳೆದೆ. ಚಕ್ಕಿನ ಕಡೆಯ ತುದಿ 0.12 ಮಿಲಿಮೀಟರ್ ದಪ್ಪವಿತ್ತು. ಕಣ್ಣಿಗೆ ಕಾಣುವ ವ್ಯತ್ಯಾಸವಲ್ಲ, ಆದರೆ ಬೇರಿಂಗ್ ಕೂರಬೇಕಾದ ಶಾಫ್ಟಿನಲ್ಲಿ 0.02 ದಾಟಿದರೂ ಕೆಲಸ ಕೆಟ್ಟಂತೆಯೇ. ಬೆಡ್ಡಿನ ಮೇಲೆ ನೇರಪಟ್ಟಿ ಇಟ್ಟು ನೋಡಿದಾಗ ಕಾರಣ ಸಿಕ್ಕಿತು. ಟೂಲ್ ಹೊತ್ತ ಸ್ಯಾಡಲ್ ದಿನವಿಡೀ ಓಡಾಡಿದ ಜಾಗ, ಅಂದರೆ ಚಕ್ಕಿನ ಹತ್ತಿರ, 0.3 ಮಿಲಿಮೀಟರ್ ಸವೆದು ತಗ್ಗಾಗಿತ್ತು. ಅಲ್ಲಿಗೆ ಬಂದಾಗ ಟೂಲ್ ಇಳಿದು ಹಿಂದೆ ಸರಿಯುತ್ತಿತ್ತು.

"ಈಗ ನೀವೊಂದು ಮಾಡ್ರಿ ಸಾಬ್ರೇ," ಎಂದೆ.

ಅದೇ ಯಂತ್ರದ ಮೇಲೆ ಅವರು ತೆಗೆದ ಶಾಫ್ಟಿನಲ್ಲಿ ಎರಡು ತುದಿಗಳ ನಡುವೆ 0.01ರ ವ್ಯತ್ಯಾಸವೂ ಇರಲಿಲ್ಲ! ಕತ್ತರಿಸುವಾಗ ನಾನು ಅವರ ಬಲಗೈ ನೋಡಿದ್ದೆ. ಅದು ಕ್ರಾಸ್ ಸ್ಲೈಡಿನ ಹಿಡಿಯ ಮೇಲೆ, ಅಂದರೆ ಟೂಲನ್ನು ಒಳಕ್ಕೆ ಒತ್ತುವ ಹಿಡಿಯ ಮೇಲೆ, ಸುಮ್ಮನೆ ಕುಳಿತಂತಿತ್ತು. ಟೂಲ್ ಚಕ್ಕಿಗೆ ಹತ್ತಿರವಾದಂತೆ ಕೂದಲೆಳೆಯಷ್ಟು ತಿರುಗುತ್ತಿತ್ತು.

"ಕಡೀಕ ಒಂಚೂರು ಒತ್ತಿದ್ರಲ್ಲ?" ಎಂದು ಕೇಳಿದೆ.

"ನಾನಾ? ಇಲ್ರೀ. ಸುಮ್ನ ಕೈ ಇಟ್ಟಿದ್ದೆ."

ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಬೆಡ್ ವರ್ಷ ವರ್ಷವೂ ಇಷ್ಟಿಷ್ಟೇ ಸವೆದಿತ್ತು, ಕೈಯೂ ಅದರ ಜೊತೆಗೇ ಇಷ್ಟಿಷ್ಟೇ ಕಲಿತಿತ್ತು. ನಾನು ಮೆಚ್ಚಿ ತಲೆದೂಗಿದೆ. ಆಮೇಲೆ ಅದನ್ನು ಮರೆತುಬಿಟ್ಟೆ. ಈ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಗುಜರಿಗೆ ಹಾಕುವ ಯಂತ್ರವಲ್ಲ, ಸರಿಯಾಗುತ್ತದೆ ಎಂದೆ. ಶಮೀಮಳ ಮುಖ ಅರಳಿತು. ಸಾಬರು ಮಾತ್ರ, "ಬಿಚ್ಚಿದ್ರ ಮತ್ತ ಹಿಂಗ ನಿಂದ್ರತೈತೇನ್ರಿ?" ಎಂದು ಕೇಳಿದರು. "ಹಿಂಗಲ್ಲ, ಹೊಸದರಂಗೆ ನಿಲ್ತದೆ" ಎಂದು ಧೈರ್ಯ ಹೇಳಿದೆ.

ಬೆಡ್ಡನ್ನು ಚೈನ್ ಬ್ಲಾಕಿನಿಂದ ಎತ್ತಿ, ಪಿಕಪ್ ವಾಹನದಲ್ಲಿ ಹುಬ್ಬಳ್ಳಿಗೆ ಒಯ್ದು ಗ್ರೈಂಡ್ ಮಾಡಿಸಿ ಸಮತಟ್ಟಾಗಿಸಿದೆವು. ಚಕ್ಕನ್ನು ತಿರುಗಿಸುವ ಹೆಡ್‌ಸ್ಟಾಕಿನ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೇರಿಂಗ್ ಬದಲಿಸಿದೆ. ಗ್ರೈಂಡ್ ಮಾಡಿದ ಮೇಲೆ ಬೆಡ್ ತಗ್ಗುವುದರಿಂದ ಸ್ಯಾಡಲ್ಲಿನ ತಳಕ್ಕೆ ಪಟ್ಟಿ ಅಂಟಿಸಿ ಎತ್ತರ ಸರಿಮಾಡಿದೆ. ನಂತರ ಸ್ಕ್ರೇಪಿಂಗ್. ನೀಲಿ ಬಣ್ಣ ಹಚ್ಚಿ ಉಜ್ಜಿ ನೋಡಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಕೈಯುಳಿಯಿಂದ ಹೆರೆಯುವ ಕೆಲಸ ಅದು. ಹನ್ನೊಂದು ದಿನ ಹಿಡಿಯಿತು. ಸಾಬರು ದಿನವೂ ನನ್ನ ಪಕ್ಕದಲ್ಲೇ ಕೂತು ಕಬ್ಬಿಣದ ಪುಡಿ ಒರೆಸುತ್ತಿದ್ದರು. ನನಗಿಂತ ಅವರಿಗೇ ಹುರುಪು ಹೆಚ್ಚಿತ್ತು.

ಜೋಡಿಸಿದ ದಿನ ಮೊದಲ ಶಾಫ್ಟ್ ತೆಗೆದವಳು ಶಮೀಮ್. ಎರಡೂ ತುದಿ ಒಂದೇ ಅಳತೆ. ಅವಳು ಎರಡು ಸಲ ಅಳೆದು, ಮೈಕ್ರೋಮೀಟರನ್ನು ನನ್ನ ಕೈಗೆ ಕೊಟ್ಟು ಕಣ್ಣೊರೆಸಿಕೊಂಡಳು. ಸಾಬರು ಬೀದಿಯವರಿಗೆಲ್ಲ ಚಹಾ ತರಿಸಿದರು. ನಂತರ ಅಂಗಿಯ ತೋಳು ಮಡಚಿ, "ಸರಿ ಅತ್ಲಾಗ, ಜಡೆ ಗಿರಣಿ ಶಾಫ್ಟ್ ನಾನು ಮಾಡ್ತೀನಿ" ಎಂದು ಲೇತಿನ ಮುಂದೆ ನಿಂತರು. ಜಡೆ ಎಂಬ ಊರಿನ ಆ ಹಿಟ್ಟಿನ ಗಿರಣಿಯವನು ಇಪ್ಪತ್ತು ವರ್ಷದ ಗಿರಾಕಿ.

ಅಳೆದಾಗ ಚಕ್ಕಿನ ಕಡೆ 0.11 ಸಣ್ಣ ಬಂತು.

"ಮೈಕ್ರೋಮೀಟರ್ ಸರಿ ಇಲ್ಲೇನು ನೋಡಮ್ಮ," ಎಂದರು. ಅದು ಸರಿಯಿತ್ತು. ಎರಡನೆಯದನ್ನೂ ಮಾಡಿದರು, ಮೂರನೆಯದನ್ನೂ ಮಾಡಿದರು. ಮೂರೂ ಹಾಗೆಯೇ ಸಣ್ಣಗಾಗಿದ್ದವು. ಆಗ ನನಗೆ ಹೊಳೆಯಿತು. ತಗ್ಗು ಹೋಗಿತ್ತು, ತಗ್ಗಿಗಾಗಿ ಒತ್ತುವ ಕೈ ಉಳಿದಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಮೂರೂ ಶಾಫ್ಟುಗಳನ್ನು ಮತ್ತೊಮ್ಮೆ ಅಳೆದೆ. ಕೊನೆಗೆ ಹೇಳಿದೆ. ಅವರು ತಮ್ಮ ಬಲಗೈಯನ್ನು ಕಣ್ಣಿನ ಹತ್ತಿರ ತಂದು ತಿರುಗಿಸಿ ನೋಡಿಕೊಂಡರು.

"ಇಷ್ಟ ಅಲ್ಲೇನ್ರಿ? ಇನ್ಮ್ಯಾಲೆ ಒತ್ತಂಗಿಲ್ಲ ಬಿಡ್ರಿ," ಎಂದರು.

ಅಷ್ಟೇ ಆಗಿರಲಿಲ್ಲ. ಮನಸ್ಸಿಟ್ಟು ತಡೆದಾಗ ಕೈ ತಡವರಿಸಿ ಗೀರು ಬೀಳುತ್ತಿತ್ತು. ಗಮನ ಟೂಲಿನ ಕಡೆ ಹೋದ ಕ್ಷಣವೇ ಕೈ ತಾನಾಗಿ ಒತ್ತುತ್ತಿತ್ತು. ಸ್ಲೈಡಿನ ಲಾಕ್ ಸ್ಕ್ರೂ ಬಿಗಿದು ಕೊಟ್ಟೆ. ಹಿಡಿ ಅಲುಗದಿದ್ದಾಗ ಅವರಿಗೆ ಟೂಲ್ ಎಲ್ಲಿದೆ, ಎಷ್ಟು ಕಚ್ಚಿದೆ ಎಂಬುದೇ ತಿಳಿಯಲಿಲ್ಲ. ಕಣ್ಣು ಮಂಜಾದ ಮೇಲೆ ಅವರು ಆ ಹಿಡಿಯ ನಡುಕದಿಂದಲೇ ಕೆಲಸ ನೋಡುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. ಒಂದೇ ಮಧ್ಯಾಹ್ನ ಎರಡು ಟೂಲ್ ಮುರಿದವು. ಕೈ ಹಿಂದಕ್ಕೆ ಕಟ್ಟಿ ಆಟೋ ಫೀಡಿಗೆ ಬಿಟ್ಟು ನೋಡಿ ಎಂದೆ. ಶಾಫ್ಟ್ ಸರಿಯಾಗಿ ಬಂತು.

"ಚಲೋ ಬಂತು," ಎಂದರು. "ಸುಮ್ನ ನಿಂತು ನೋಡಾಕ ನಾ ಯಾಕ ಬೇಕ್ರಿ?"

ಕಣ್ಣಿನ ಆಪರೇಷನ್ ಮಾಡಿಸಿದರೆ ಸರಿಹೋದೀತೆಂದು ಶಮೀಮ್ ಶಿವಮೊಗ್ಗಕ್ಕೆ ಕರೆದೊಯ್ದಿದ್ದಳು. ನರದ ತೊಂದರೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ.

ನಾನು ಮತ್ತೆ ಒಂದು ವಾರ ಆನವಟ್ಟಿಗೆ ಹೋಗಿ ಬಂದೆ. ಹೋಗಿ ಮಾಡುವುದೇನೂ ಇರಲಿಲ್ಲ. ಅವರು ಬೆಳಿಗ್ಗೆ ಹುರುಪಿನಿಂದ ನಿಲ್ಲುವುದು, ಮಧ್ಯಾಹ್ನದ ಹೊತ್ತಿಗೆ ಕೆಟ್ಟ ಸರಳುಗಳು ಮೂಲೆಯಲ್ಲಿ ಬೀಳುವುದು. ನಾನು ಸ್ಟೂಲಿನ ಮೇಲೆ ಕೂತು ನೋಡುವುದು. ಒಂದು ದಿನ ಜಡೆಯವನು ಬಂದ. ತನಗಾಗಿ ಆಗಷ್ಟೇ ತೆಗೆದು ಇನ್ನೂ ಅಳೆಯದೆ ಇಟ್ಟಿದ್ದ ಶಾಫ್ಟಿಗೆ ಬೇರಿಂಗ್ ತೂರಿಸಿ ನೋಡಿದ, ಅದು ಗಡಗಡ ಆಡಿತು. "ಇದು ನೀವು ಮಾಡಿದ್ದಾ ಸಾಬ್ರೇ?" ಎಂದು ಕೇಳಿದ. ಕೇಳಿದ್ದರಲ್ಲಿ ಕೊಂಕಿರಲಿಲ್ಲ, ಬರೀ ಆಶ್ಚರ್ಯ. ಸಾಬರು ಶಾಫ್ಟನ್ನು ಅವನ ಕೈಯಿಂದ ತೆಗೆದುಕೊಂಡು ಮೂಲೆಯ ಸರಳುಗಳ ಜೊತೆ ಇಟ್ಟರು.

ಅವನು ಹೋದ ಮೇಲೆ ನನ್ನ ಹತ್ತಿರ ಬಂದರು. "ಬಸಣ್ಣಾರ, ಇದನ್ನ ಮೊದ್ಲಿನಂಗ ಮಾಡಾಕ ಬರ್ತೈತೇನ್ರಿ?"

ಸವೆದದ್ದನ್ನು ಸಮ ಮಾಡುವ ವಿದ್ಯೆ ನನಗೆ ಗೊತ್ತಿತ್ತು. ಮೂವತ್ತೊಂದು ವರ್ಷದ ಸವೆತವನ್ನು ಅದೇ ಜಾಗದಲ್ಲಿ, ಅದೇ ಹದದಲ್ಲಿ ಹಿಂದಕ್ಕೆ ಕೊಡುವ ವಿದ್ಯೆ ಯಾರಿಗೂ ಗೊತ್ತಿಲ್ಲ. ನಾನು ತಲೆ ಅಲ್ಲಾಡಿಸುವಷ್ಟರಲ್ಲಿ ಶಮೀಮ್ ಲೇತ್ ನಿಲ್ಲಿಸಿದಳು. ಮನೆಯಲ್ಲಿ ಉರ್ದು ಮಾತಾಡುವವಳು, ನನಗೂ ತಿಳಿಯಲೆಂದೋ ಏನೋ, ತಂದೆಗೆ ಕನ್ನಡದಲ್ಲೇ ಹೇಳಿದಳು.

"ಅಬ್ಬಾ, ಹಂಗ ಮಾಡಿದ್ರ ನಾನೇನು ಮಾಡ್ಲಿ?"

ಅವಳು ಕೇಳಿದ್ದು ಸರಿಯಾಗಿತ್ತು, ಅವರು ಕೇಳಿದ್ದೂ ಸರಿಯಾಗಿತ್ತು. ಸಾಬರು ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು, ಚಪ್ಪಲಿ ಮೆಟ್ಟಿ ಮನೆಗೆ ಹೋದರು. ಅಂದಿನಿಂದ ಲೇತಿನ ಮುಂದೆ ನಿಲ್ಲಲಿಲ್ಲ.

ಈಗ ವರ್ಕ್‌ಶಾಪ್ ಚೆನ್ನಾಗಿ ನಡೆದಿದೆ. ಶಿಕಾರಿಪುರದ ಟ್ರ್ಯಾಕ್ಟರ್ ಗ್ಯಾರೇಜಿನವರೂ ಶಮೀಮಳಲ್ಲಿಗೇ ಕೆಲಸ ಕಳಿಸುತ್ತಾರೆ. ಕಳೆದ ವರ್ಷ ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಸಾಬರು ಸಿಕ್ಕರು. ನನ್ನ ದನಿಯಿಂದಲೇ ಗುರುತು ಹಿಡಿದು, "ಮಷೀನ್ ಭಾಳ ಚಲೋ ಮಾಡಿಕೊಟ್ರಿ. ಮಗಳು ದಿನಾ ನಿಮ್ಮನ್ನ ನೆನಸ್ತಾಳ," ಎಂದರು. ನಾನು ಕ್ಷಮೆ ಕೇಳಬೇಕೆಂದುಕೊಂಡೆ. ಆದರೆ ಯಾವುದಕ್ಕೆಂದು ಕೇಳುವುದು? ನನ್ನ ಬಸ್ಸು ಬಂತು. ಅವರೇ ಕೈಹಿಡಿದು ಬಾಗಿಲಿನವರೆಗೆ ಬಂದು ಹತ್ತಿಸಿದರು.

ಆಮೇಲೆ ಸೊರಬದಿಂದ ಒಬ್ಬರು ಕರೆದರು. ಅವರದೂ ಹಳೆಯ ಲೇತ್, ಬೆಡ್ ಅಷ್ಟೇ ಸವೆದಿತ್ತು. ಈ ಸಲ ನಾನು ಉಪಕರಣದ ಚೀಲ ಬಿಚ್ಚಲಿಲ್ಲ. ಒಂದು ಇಡೀ ದಿನ ಅವರು ಕೆಲಸ ಮಾಡುವುದನ್ನು ಕೂತು ನೋಡಿದೆ. ಸಂಜೆ, "ನಿಮ್ಮ ನಂತರ ಇದನ್ನ ಓಡಿಸೋರು ಯಾರಿದಾರೆ?" ಎಂದು ಕೇಳಿದೆ.

"ಯಾರೂ ಇಲ್ಲ ಮಾರಾಯ್ರೆ. ನಾ ಇರೋ ತನ್ಕ ನಡೆದ್ರೆ ಸಾಕು," ಎಂದರು.

ಬೆಲ್ಟ್ ಬದಲಿಸಿದೆ, ಗೇರಿನ ಎಣ್ಣೆ ಬದಲಿಸಿದೆ, ಸಡಿಲವಾದ ನಟ್ಟುಗಳನ್ನು ಬಿಗಿದೆ. ಬೆಡ್ಡನ್ನು ಮುಟ್ಟದೆ ಶಿಕಾರಿಪುರಕ್ಕೆ ವಾಪಸು ಬಂದೆ.