ಸಿಕುಧಾನಿ ಸಾಕಿದ ಬಸುರಿ ಗೋಸುಂಬೆ

ನಮ್ಮ ಉಲುಗುರು ಬೆಟ್ಟದಲ್ಲಿ ಗೋಸುಂಬೆಯನ್ನು ಕೇಡು ತರುತ್ತದೆಂದು ಯಾರೂ ಮುಟ್ಟುವುದಿಲ್ಲ. ಕಂಡರೆ ಬಾಯಲ್ಲಿರುವ ಹೊಗೆಸೊಪ್ಪನ್ನು ಅದರ ಮೇಲೆ ಉಗಿದು, ತಿರುಗಿ ನೋಡದೆ ನಡೆಯುತ್ತೇವೆ. ಹಾಗಾಗಿ ಅದರ ಹೊಟ್ಟೆ ಹೇಗಿರುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸಿಕುಧಾನಿಯೊಬ್ಬಳನ್ನು ಬಿಟ್ಟು.

ಅವಳು ಬಾಳೆಹಣ್ಣಿನ ಹೆಂಡ ಮಾಡಿ ಮಾರುತ್ತಿದ್ದಳು. ನಾನು ಪಾಠ ಹೇಳುವ ಶಾಲೆಯ ಪಕ್ಕದಲ್ಲೇ ಅವಳ ಮನೆ. ಸೌದೆಗೆ ಮೇಲಿನ ಕಾಡಿಗೆ ಹೋದವಳು ಒಮ್ಮೆ ಹೆಬ್ಬೆರಳುದ್ದದ, ಒಣ ಎಲೆಯಂಥ ಗೋಸುಂಬೆಯನ್ನು ಬರಿಗೈಯಲ್ಲಿ ಹಿಡಿದು ತಂದಳು. ಅಂಥ ಪ್ರಾಣಿಗಳ ಹೊಸ ಜಾತಿ ಹುಡುಕಿಕೊಂಡು ಪಟ್ಟಣದಿಂದ ಬಂದಿದ್ದ ಡಾಕ್ಟರ್ ತರಿಮೊ ಅದನ್ನು ನೋಡಿ ನಕ್ಕರು.

"ಇದು ಗೊತ್ತಿರೋ ಜಾತೀದೇ ಮರಿ, ಅಮ್ಮ. ಇನ್ನೂ ಕೊಂಬು ಬಂದಿಲ್ಲ, ಅಷ್ಟೆ."

"ಮರೀನಾ? ಹೊಟ್ಟೆ ಮುಟ್ಟಿ ನೋಡಿ. ನಿಮ್ಮೂರಲ್ಲಿ ತೊಟ್ಟಿಲ ಕೂಸು ಬಸುರಿ ಆಗುತ್ತಾ?"

"ಹುಳ ಜಾಸ್ತಿ ತಿಂದಿರುತ್ತೆ. ಮೊಟ್ಟೆ ಇಟ್ರೆ ಹೇಳಿಕಳಿಸಿ," ಎಂದು ಅವರು ಬಸ್ಸು ಹತ್ತಿದರು.

ಅವಳು ಅಂಗಳದ ಜರೀಗಿಡದ ಮೇಲೆ ಬುಟ್ಟಿ ಕವುಚಿ ಅದನ್ನು ಸಾಕಿದಳು. ಆ ಕೈಯ ಹೆಂಡ ಕುಡಿಯಲು ಊರು ಹೆದರಿತು. ನಮ್ಮಲ್ಲಿ ಕುಲದ ಭೂಮಿ ತಾಯಿಯಿಂದ ಮಗಳಿಗೆ ಹೋಗುತ್ತದೆ, ಅದರ ಯಜಮಾನಿಕೆ ಮಾತ್ರ ಸೋದರಮಾವನದು. ಅವಳ ಸೋದರಮಾವ ಕೊಂಡೊ ಬಂದ.

"ಬಿಸಾಕು ಅದನ್ನ. ಇಲ್ದಿದ್ರೆ ಕುಲದ ನೆಲದಲ್ಲಿ ನಿಂಗೆ ಗೋರಿಗೂ ಜಾಗ ಇಲ್ಲ."

"ನೆಲ ನಮ್ಮವ್ವಂದು, ಅವಳವ್ವಂದು. ನೀನೂ ಅದೇ ಹೊಟ್ಟೇಲಿ ಹುಟ್ಟಿದೋನು, ಮಾವ. ಬಂದಿದ್ದಕ್ಕೆ ಒಂದು ಬುರುಡೆ ಹೆಂಡ ಕುಡ್ಕೊಂಡು ಹೋಗು, ಸುಮ್ನೆ ಹುಳಿ ಬರ್ತಿದೆ."

ಅವನು ಕುಡಿಯಲಿಲ್ಲ. ಹತ್ತೊಂಬತ್ತು ದಿನ ಹೆಂಡ ಗಡಿಗೆಯಲ್ಲೇ ಕೆಟ್ಟಿತು. ಇಪ್ಪತ್ತನೆಯ ದಿನ ಬುಟ್ಟಿಯೊಳಗಿನ ಮಣ್ಣಲ್ಲಿ ನಾಲ್ಕು ಮೊಟ್ಟೆ! ಕಾಗದ ನಾನೇ ಬರೆದೆ. ತರಿಮೊ ಓಡಿ ಬಂದರು, ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ತಪ್ಪಾಯ್ತು, ಅಮ್ಮ. ಇದು ಮರಿ ಅಲ್ಲ, ಬೇರೇನೇ ಜಾತಿ."

"ನನ್ನ ಹತ್ರ ಒಪ್ಕೊಂಡ್ರೆ ಏನು ಬಂತು? ಬರೆಯೋ ಕಡೆ ಬರೀರಿ. ಯಾರು ಹಿಡಿದಿದ್ದು ಅಂತಾನೂ ಬರೀರಿ."

ಅಳೆದು, ಹೋಲಿಸಿ, ಹೊಸ ಜಾತಿಯೆಂದು ಅಚ್ಚಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಜ್ವರ ಅವಳನ್ನು ಒಯ್ದಿತ್ತು. ಕುಲದ ಹೆಂಗಸರು ಕೊಂಡೊನನ್ನು ಕೇಳದೆಯೇ ಅವಳನ್ನು ಕುಲದ ನೆಲದಲ್ಲೇ, ಅವ್ವನ ಗೋರಿಯ ಪಕ್ಕದಲ್ಲಿ ಮಲಗಿಸಿದರು. ಅವಳ ಬೈಗುಳವಿಲ್ಲದ ಸಂಜೆ ನನಗಿನ್ನೂ ರೂಢಿಯಾಗಿಲ್ಲ.

ಅಚ್ಚಾದ ಹಾಳೆ ಅವಳು ಸತ್ತ ನಲವತ್ತನೆಯ ದಿನದ ಊಟದ ಹೊತ್ತಿಗೆ ಕೈಸೇರಿತು. ಎದ್ದು ನಿಂತು, ನಮ್ಮ ಮಾತಿಗೆ ತಂದು ಓದಿದೆ: "ಪೂರ್ಣ ಬೆಳೆದ ಹೆಣ್ಣು. ನಾಲ್ಕು ಮೊಟ್ಟೆ ಇಟ್ಟಿದೆ. ಹಿಡಿದವರು, ಸಿಕುಧಾನಿ ಮ್ಲೋಕಾ."

"ಸಾಕು ಮೇಷ್ಟ್ರೇ," ಎಂದ ಕೊಂಡೊ. "ಊಟಕ್ಕೆ ಕೂತಿದೀವಿ, ಅದರ ಸುದ್ದಿ ಯಾಕೆ?"

"ಕೇಳಿಸ್ಲಿಲ್ವಾ? ಇನ್ನೊಂದು ಸಲ ಓದ್ತೀನಿ."

ಮೊದಲಿನಿಂದ, ಇನ್ನೂ ಗಟ್ಟಿಯಾಗಿ ಓದಿದೆ.