ಸೀತುವಿನ ಕುತ್ತಿಗೆ

ಉಪ್ಪುಂದದ ಸೀತು ಮೀನು ಬುಟ್ಟಿ ಹೊತ್ತು ಬಂದರೆ ಅವಳ ಕೂಗು ಗದ್ದೆಯಾಚೆಗೂ ಕೇಳುತ್ತಿತ್ತು. ಎಲೆಅಡಿಕೆಯ ಕವಳದ ಜೊತೆ ಹೊಗೆಸೊಪ್ಪು ದವಡೆಯಲ್ಲಿ ಸದಾ ಇರಬೇಕು. ಅದೇ ಜಾಗದಲ್ಲಿ ಹುಣ್ಣೆದ್ದಾಗ ಅವಳು ಯಾರಿಗೂ ಹೇಳಲಿಲ್ಲ. ಬಾಯಿ ನಾರತೊಡಗಿದ ಮೇಲೆ ಗಿರಾಕಿಗಳಿಂದ ದೂರ ನಿಂತು ಮೀನು ಎಣಿಸಿಕೊಟ್ಟಳು. ಕುತ್ತಿಗೆಯಲ್ಲಿ ಅಡಿಕೆಯಷ್ಟು ದಪ್ಪದ ಗಂಟು ಎದ್ದ ಮೇಲೆಯೇ ಗಂಡ ಮುತ್ತನಿಗೆ ಗೊತ್ತಾದದ್ದು.

ಎರಡನೇ ದೊಡ್ಡ ಯುದ್ಧ ಮುಗಿದ ಮರುವರ್ಷ ಅದು. ಮಂಗಳೂರಿಗೆ ಹೋಗಲು ಹೊಳೆ ಬಂದಲ್ಲೆಲ್ಲ ಬಸ್ಸಿಳಿದು ದೋಣಿ ಹತ್ತಬೇಕಿತ್ತು. ದೋಣಿಯಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡಾಗ ಸೀತು ನೀರಿನ ಕಡೆ ಮುಖ ತಿರುಗಿಸಿ ಕೂತಳು.

"ಅರ್ಬುದ ಇದು, ಕ್ಯಾನ್ಸರ್. ಕುತ್ತಿಗೆಯ ಗಂಟಿಗೂ ಇಳಿದಿದೆ," ಎಂದರು ಡಾಕ್ಟರು. "ಹುಣ್ಣು ಮಾತ್ರ ತೆಗೆದರೆ ಸಾಲದು. ದವಡೆಯಿಂದ ಹೆಗಲಿನವರೆಗಿನ ಗಂಟುಗಳನ್ನೆಲ್ಲ ತೆಗೆಯಬೇಕು. ಬಲಗೈ ಮೇಲೆತ್ತುವುದು ಕಷ್ಟವಾದೀತು."

"ಕಾಂಬುಕೆ ಹ್ಯಾಂಗಿರತ್ತ್?" ಎಂದು ಕೇಳಿದಳು ಸೀತು. ನೋಡಲು ಹೇಗಿರುತ್ತದೆಂದು ಹೇಳದೆ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದರು.

ಜೀವ ಉಳಿಯಿತು. ಆದರೆ ಕುತ್ತಿಗೆಯ ಒಂದು ಪಕ್ಕ ಗುಂಡಿ ಬಿದ್ದಿತ್ತು, ಹೆಗಲು ಜೋತುಬಿದ್ದಿತ್ತು, ಬಾಯಿಯ ಮೂಲೆಯಿಂದ ಜೊಲ್ಲು ಅವಳಿಗೇ ತಿಳಿಯದಂತೆ ಇಳಿಯುತ್ತಿತ್ತು. ತಲೆಗೆ ಬುಟ್ಟಿ ಏರಿಸುವುದು ಇನ್ನಾಗದ ಮಾತು. ಸೆರಗನ್ನು ಗಲ್ಲದವರೆಗೆ ಸುತ್ತಿಕೊಂಡು, ಮನೆಯ ಹಿಂದೆ ಒಣಮೀನು ಹರಡಿ ಕೂರುತ್ತಿದ್ದಳು.

ಮಗಳು ವನಜಳನ್ನು ನೋಡಲು ಮರವಂತೆಯಿಂದ ಗಂಡಿನ ಕಡೆಯವರು ಬರುವ ದಿನ ಸೀತು ಗಂಡನಿಗೆ, "ಹ್ವಾಯ್, ಅವ್ರ್ ಕೇಂಡ್ರೆ ನಾ ಊರಂಗಿಲ್ಲ ಅಂದ್ ಹೇಳಿ," ಎಂದಳು. ಅವನು ಬೇಡ ಅನ್ನಲಿ ಎಂದು ಒಳಗೊಳಗೇ ಕಾದಳು.

"ಹೂಂ, ಅದೇ ಒಳ್ಳೇದ್," ಎಂದ ಮುತ್ತ.

ಗಂಡಿನ ತಾಯಿ ಕಮಲ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಕೇಳಿದಳು: "ಹೆಣ್ಣಿನ್ ಅಬ್ಬಿ ಎಲ್ಲಿತ್ತ್?"

"ಅದ್ ಊರಂಗಿಲ್ಲ." ಮುತ್ತ ಒಂದಿಷ್ಟೂ ತಡವರಿಸಲಿಲ್ಲ. ಬಾಗಿಲ ಹಿಂದಿದ್ದ ಸೀತುವಿಗೆ ತಾನೇ ಹೇಳಿಕೊಟ್ಟ ಮಾತು ಎದೆಗೆ ನಾಟಿತು.

"ಅಬ್ಬಿ ಒಳ್ಗೇ ಇತ್ತ್," ಎಂದಳು ವನಜ.

ಇನ್ನು ಅಡಗುವಂತಿರಲಿಲ್ಲ. ಸೀತು ಹೊರಗೆ ಬಂದು ಕೈಮುಗಿದಳು. ಸೆರಗು ಜಾರಿತು. ಎಳೆದುಕೊಳ್ಳಲು ಬಲಗೈ ಮೇಲೇಳಲಿಲ್ಲ.

"ಇದೆಂತ ಆದ್ದ್?" ಎಂದಳು ಕಮಲ.

"ಬಾಯಂಗೆ ಹುಣ್ಣಾಯಿತ್ತ್. ಕೊಯ್ದ್ ತೆಗ್ದ್ರ್."

ಕಮಲ ಮಡಚಿದ ಎಲೆಯನ್ನು ಬಾಯಿಗಿಡದೆ ತಟ್ಟೆಗೆ ಹಾಕಿದಳು. ಹೇಳಿ ಕಳಿಸುತ್ತೇವೆ ಎಂದು ಹೊರಟವರು ಹೇಳಿ ಕಳಿಸಲೇ ಇಲ್ಲ.

ತನ್ನಿಂದಲೇ ಸಂಬಂಧ ತಪ್ಪಿತೆಂದು ಸೀತು ಮಗಳ ಮುಖ ನೋಡದೆ ದಿನ ಕಳೆದಳು. ಮುತ್ತನೂ ಬಡಿಸಿದ್ದನ್ನು ತಲೆಯೆತ್ತದೆ ಉಂಡು ಏಳುತ್ತಿದ್ದ. ಒಂದು ದಿನ ಕೈತೊಳೆದವನು ಅಲ್ಲೇ ನಿಂತ.

"ನಾ ಹಾಂಗ್ ಹೇಳೂಕಾಗ್ದಿತ್ತ್," ಎಂದ.

"ನಾನೇ ಅಲ್ದಾ ಹೇಳ್ಸಿದ್ದ್," ಎಂದಳು ಸೀತು.

ಮುಂದಿನ ವರ್ಷ ನಾವುಂದದಿಂದ ಇನ್ನೊಂದು ಸಂಬಂಧ ಬಂತು. ಬಂದವರು ಕೇಳುವ ಮೊದಲೇ ಮುತ್ತ ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಸೀತು ಕೂತಳು, ಆದರೆ ಅವರು ಎದ್ದು ಹೋಗುವವರೆಗೂ ಕಣ್ಣು ಮೇಲೆತ್ತಲಿಲ್ಲ. ಆ ಮದುವೆ ನಡೆಯಿತು.