ನಾನು ಮೇಳದ ಯಜಮಾನನಾದ ಹನ್ನೆರಡು ದಿನ

ನನಗೆ ಮೂವತ್ತು ತುಂಬುವ ಮೊದಲೇ ಹದಿಮೂರು ಜನರ ಮೇಲೆ ಅಧಿಕಾರ ಸಿಕ್ಕಿತ್ತು. ಅದು ಹನ್ನೆರಡೇ ದಿನ ಇತ್ತು ಎಂಬುದನ್ನು ಸಾಮಾನ್ಯವಾಗಿ ಕಡೆಯಲ್ಲಿ ಹೇಳುತ್ತೇನೆ. ಈ ಸಲ ಮೊದಲೇ ಹೇಳಿಬಿಟ್ಟಿದ್ದೇನೆ.

ನಮ್ಮದು ಘಟ್ಟದ ಮೇಲಿನ ಸಣ್ಣ ಯಕ್ಷಗಾನ ಮೇಳ. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಹತ್ತು ವರ್ಷವಾದರೂ ಇದ್ದ ಕಾಲ. ಕಾಫಿ ಕೊಯ್ಲು ಮುಗಿದು ತೋಟದ ಜನಕ್ಕೆ ಸ್ವಲ್ಪ ಬಿಡುವಾದಾಗ ನಾವು ಕಳಸದ ಕಡೆಯಿಂದ ಹೊರಟು, ಮೂಡಿಗೆರೆ, ಗೋಣಿಬೀಡಿನ ತೋಟಗಳನ್ನೆಲ್ಲ ಸುತ್ತಿ, ಮಳೆ ಹಿಡಿಯುವುದರೊಳಗೆ ಮನೆ ಸೇರುತ್ತಿದ್ದೆವು. ವೇಷದ ಪೆಟ್ಟಿಗೆಗಳು ಎತ್ತಿನ ಗಾಡಿಯಲ್ಲಿ, ನಾವು ಗಾಡಿಯ ಹಿಂದೆ. ನಾನು ಸ್ತ್ರೀವೇಷದವನು. ಹದಿನಾಲ್ಕನೇ ವಯಸ್ಸಿಗೆ ಗೆಜ್ಜೆ ಕಟ್ಟಿ, ಆಮೇಲೆ ಬೇರೆ ಕಸುಬು ಕಲಿಯದೆ ಅದರಲ್ಲೇ ಉಳಿದವನು. ನಾನು ರಾಣಿಯಾಗಿ ರಂಗಕ್ಕೆ ಬಂದರೆ ತೋಟದ ಹೆಂಗಸರೆಲ್ಲ ನನ್ನನ್ನು ನೋಡಿಯೇ ಸೀರೆಯ ನಿರಿಗೆ ಹಿಡಿಯುವುದನ್ನು ಕಲಿಯುತ್ತಾರೆ ಎಂದು ನಂಬಿದ್ದೆ. ಹಾಗೆಂದು ಯಾವ ಹೆಂಗಸೂ ಹೇಳಿರಲಿಲ್ಲ.

ಆ ವರ್ಷ ನಮ್ಮ ಯಜಮಾನರು, ಎಂದರೆ ಮೇಳವನ್ನು ನಡೆಸುತ್ತಿದ್ದ ಹಿರಿಯರು, ಕೊಟ್ಟಿಗೆಹಾರದ ಹತ್ತಿರ ಒಂದು ಹಳ್ಳ ದಾಟುವಾಗ ಜಾರಿ ಬಿದ್ದರು. ಪಾದ ಕುಂಬಳಕಾಯಿಯಂತೆ ಊದಿಕೊಂಡಿತು. ಅಲ್ಲೇ ಇದ್ದ ಅವರ ತಂಗಿಯ ಮನೆಯಲ್ಲಿ ಅವರನ್ನು ಮಲಗಿಸಿದೆವು. ಮರುದಿನ ಬೆಳಿಗ್ಗೆ ಅವರು ನನ್ನನ್ನು ಕರೆದು, ಮುಂದಿನ ತೋಟಗಳಿಗೆಲ್ಲ ಮಾತು ಕೊಟ್ಟಾಗಿದೆ, ಮೇಳ ನಿಲ್ಲುವಂತಿಲ್ಲ ಎಂದು ವಿವರಿಸಿದರು.

"ನೀನು ಓದು ಬರಹ ಗೊತ್ತಿದ್ದವ. ನಾನು ಬರೋವರೆಗೆ ನೋಡ್ಕ. ಆದ್ರೆ ಹೆಚ್ಚೇನೂ ಮಾಡಕ್ ಹೋಗ್ಬೇಡ ಮಾರಾಯ" ಎಂದರು.

ನನಗೆ ಮೊದಲಿನ ಎರಡು ಮಾತು ಮಾತ್ರ ಕೇಳಿಸಿತು.

ಆ ದಿನವೇ ನಾನು ಗಾಡಿಯ ಹಿಂದಿನಿಂದ ಗಾಡಿಯ ಮುಂದಕ್ಕೆ ಬಂದೆ. ನಡಿಗೆ ಬದಲಾಯಿತು. ಸ್ತ್ರೀವೇಷಕ್ಕಾಗಿ ಹದಿನೈದು ವರ್ಷ ಜೋಪಾನ ಮಾಡಿದ್ದ ಮೆತ್ತನೆಯ ದನಿಯನ್ನು ಬಿಟ್ಟು ಗಂಟಲು ದಪ್ಪ ಮಾಡಿಕೊಂಡು ಮಾತಾಡತೊಡಗಿದೆ. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತೋಟದ ಮೇಸ್ತ್ರಿಗಳು ಆಳುಗಳ ಹಾಜರಿ ಕೂಗುವಂತೆ ಕೂಗಿದೆ. ಹದಿಮೂರು ಜನ ಹತ್ತು ಮಾರು ಜಾಗದಲ್ಲೇ ಇದ್ದರು, ಯಾರೂ ಎಲ್ಲೂ ಹೋಗಿರಲಿಲ್ಲ. ಆದರೂ ಕೂಗಿದೆ. ನಮ್ಮ ಮದ್ದಳೆಯವನು ನನ್ನ ಓರಗೆಯವನು, ಬಾಯಿ ಸ್ವಲ್ಪ ಹರಿತ. ಮೂರನೆಯ ದಿನ ಅವನು ತನ್ನ ಹೆಸರಿಗೆ ಓಗೊಟ್ಟು, ಮದ್ದಳೆಯ ಪರವಾಗಿಯೂ ಇನ್ನೊಮ್ಮೆ ಓಗೊಟ್ಟ. ನಾನು ಅದನ್ನು ಗಮನಿಸದವನಂತೆ ಮುಂದಕ್ಕೆ ಹೋದೆ.

ಆರನೆಯ ದಿನ ಗೋಣಿಬೀಡಿನ ಆಚೆಯ ಒಂದು ತೋಟಕ್ಕೆ ಬಂದೆವು. ಅಲ್ಲಿನ ಸಾಹುಕಾರರು ಒಳ್ಳೆಯವರು. ಪಕ್ಕದ ಎಸ್ಟೇಟಿನ ಬಿಳಿಯ ದೊರೆಯೂ ಅವರ ಹೆಂಡತಿಯೂ ನಾಳೆ ಮಧ್ಯಾಹ್ನ ತಿಂಡಿಗೆ ಬರುತ್ತಾರೆ, ಅವರಿಗೆ ಆಟ ನೋಡುವ ಆಸೆ, ಆದರೆ ರಾತ್ರಿ ಉಳಿಯುವುದಿಲ್ಲ, ಹಗಲಿನಲ್ಲೇ ಒಂದು ಗಂಟೆಯಲ್ಲಿ ಏನಾದರೂ ತೋರಿಸಲು ಸಾಧ್ಯವೇ ಎಂದು ಅವರು ಬಹಳ ಸಂಕೋಚದಿಂದ ಕೇಳಿದರು. ಅವರ ಸಂಕೋಚ ನೋಡಿಯಾದರೂ ನಾನು ಎಚ್ಚರವಾಗಬೇಕಿತ್ತು. ಯಾರನ್ನೂ ಕೇಳದೆ ಒಪ್ಪಿಕೊಂಡೆ.

ಸಾಹುಕಾರರಿಗೇ ಅನುಮಾನ ಬಂತು. "ಅಲ್ಲ, ಬೆಳಗಿನ ತನಕ ಆಗೋ ಆಟ ಒಂದು ಗಂಟೇಲಿ ಆಗ್ತದಾ?"

"ನಾನಿದ್ದೀನಲ್ಲ ಸಾಹುಕಾರ್ರೆ" ಎಂದೆ.

ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಒಂದು ಟೈಮ್‌ಪೀಸು, ಒಂದು ಗೆರೆ ಹಾಕಿದ ಹಾಳೆ, ಒಂದು ಪೆನ್ಸಿಲು ಇಸಕೊಂಡು ಸಿಲ್ವರ್ ಮರದ ಬುಡದಲ್ಲಿ ಕೂತೆ. ಪ್ರಸಂಗದಲ್ಲಿ ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ರಾಕ್ಷಸ, ಕಡೆಗೊಂದು ಯುದ್ಧ. ರಾಜನ ಒಡ್ಡೋಲಗ, ಎಂದರೆ ತೆರೆಯ ಹಿಂದಿನಿಂದ ಕುಣಿಯುತ್ತ ಸಭೆಗೆ ಬರುವ ಆ ಗಂಭೀರವಾದ ಪ್ರವೇಶ, ಸಾಧಾರಣವಾಗಿ ಅರ್ಧ ಗಂಟೆ ಹಿಡಿಯುತ್ತದೆ. ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಿದೆ. ರಾಕ್ಷಸನ ಅಬ್ಬರಕ್ಕೆ ಮೂರು. ಹಾಸ್ಯ ಬೇಡ. ಹಾಡುವ ಭಾಗವತರ ದೇವರ ಸ್ತುತಿ ಒಂದೇ ಪದ್ಯ. ಬರೆಯುತ್ತ ಬರೆಯುತ್ತ ನಾನೊಬ್ಬ ಕಲೆಕ್ಟರನೇ ಆಗಬೇಕಿತ್ತು ಅನ್ನಿಸಿತು.

ನಮಗೆ ಬಿಡಾರ ಕೊಟ್ಟಿದ್ದು ಕಾಫಿ ಗೋದಾಮಿನಲ್ಲಿ. ಅಲ್ಲಿ ಎಲ್ಲರನ್ನೂ ಕೂರಿಸಿ ಪಟ್ಟಿ ಓದಿದೆ. ಯಾರೂ ಮಾತಾಡಲಿಲ್ಲ. ಒಪ್ಪಿಗೆ ಎಂದುಕೊಂಡೆ.

ಮರುದಿನ ಮಧ್ಯಾಹ್ನ ಬಣ್ಣಕ್ಕೆ ಕೂರುವ ಹೊತ್ತಿಗೆ ರಾಜವೇಷದವರು ಗೋಣಿಚೀಲಗಳ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಅವರಿಗೆ ಐವತ್ತೈದು ದಾಟಿತ್ತು. ಅವರ ಒಡ್ಡೋಲಗ ನೋಡಲೆಂದೇ ಮೂರು ನಾಲ್ಕು ಮೈಲಿ ನಡೆದು ಬರುವವರಿದ್ದರು. ಏಳಿ ಎಂದೆ. ಮಂಡಿ ನೋವು ಎಂದರು. ನಾನು ಮೇಳದಲ್ಲಿ ಶಿಸ್ತು ಇರಬೇಕೆಂದು ಶುರುಮಾಡಿ, ಯಜಮಾನರಿಗೆ ಹೇಳಬೇಕಾಗುತ್ತದೆ ಎನ್ನುವವರೆಗೂ ಹೋದೆ. ಅವರು ಮುಖ ತಿರುಗಿಸದೆಯೇ ಹೇಳಿದರು:

"ನಾಲ್ಕು ನಿಮಿಷಕ್ಕೆ ನಾನ್ಯಾಕಪ್ಪ? ಕಿರೀಟ ಒಂದು ಕೋಲಿಗೆ ಸಿಗ್ಸಿ ನಿಲ್ಸಿದ್ರಾಯ್ತು."

ಅಷ್ಟರಲ್ಲಿ ರಾಕ್ಷಸವೇಷದವನು ಬಂದ. ಅರ್ಧ ಮುಖಕ್ಕೆ ಕೆಂಪು ಬಳಿದು, ಅಕ್ಕಿಹಿಟ್ಟಿನ ಚುಕ್ಕೆ ಇಟ್ಟುಕೊಂಡಾಗಿತ್ತು. ಇನ್ನರ್ಧ ಮುಖ ನಮ್ಮ ನಿಮ್ಮಂತೆ ಇತ್ತು. ರಾಜರು ಬರುವುದಿಲ್ಲವಾದರೆ ತಾನು ಯಾರ ಜೊತೆ ಯುದ್ಧ ಮಾಡಬೇಕು, ಮುಂದೆ ಬಣ್ಣ ಹಾಕುವುದೋ ತೊಳೆಯುವುದೋ ಎಂದು ಬಹಳ ವಿನಯದಿಂದ ವಿಚಾರಿಸಿದ. ನೋಡೋಣ ಎಂದು ಹೇಳಿ ಹೊರಗೆ ಬಂದೆ. ಯಜಮಾನನಾದ ಮೇಲೆ ನಾನು ಆಡಿದ ಮೊದಲ ಬುದ್ಧಿವಂತಿಕೆಯ ಮಾತು ಅದೇ ಇರಬೇಕು.

ನಮ್ಮ ಭಾಗವತರು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಮೇಳದಲ್ಲಿ ಎಲ್ಲರಿಗಿಂತ ಹಿರಿಯರು. ಆಟದಲ್ಲಿ ಹಿಂದೆ ಕೂತು ತಾಳ ಹಿಡಿದು ಹಾಡುವವರು, ಕುಣಿಯುವವರೆಲ್ಲ ನಡೆಯುವುದು ಅವರ ಹಾಡಿನ ಮೇಲೆ. ಅವರಿಗೆ ಪದಗಳೆಲ್ಲ ಬಾಯಿಗೆ ಬರುತ್ತಿದ್ದವು, ಓದಲು ಬರುತ್ತಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ, ರಾಜವೇಷದವರ ಹಟವನ್ನು ಸ್ವಲ್ಪ ಹೆಚ್ಚಿಗೆ ಮಾಡಿಯೇ ಹೇಳಿದೆ. ಅವರು ಲೋಟ ಕೆಳಗಿಟ್ಟು, ಆ ಪಟ್ಟಿಯನ್ನು ಇನ್ನೊಂದು ಸಲ ಓದು ಎಂದರು. ಓದಿದೆ. ಸ್ತುತಿ, ಎರಡು ನಿಮಿಷ. ರಾಜ, ನಾಲ್ಕು. ರಾಕ್ಷಸ, ಮೂರು. ರಾಣಿ, ಹದಿನೆಂಟು.

"ತಡಿ. ಆ ರಾಣಿ ಯಾರು ಮಾರಾಯ?" ಎಂದರು, ನಿಜವಾಗಿಯೂ ಗೊತ್ತಿಲ್ಲದವರಂತೆ.

"ನಾನೇ" ಎಂದೆ.

"ಹೌದಾ" ಎಂದು ಅವರು ಮತ್ತೆ ಲೋಟ ಎತ್ತಿಕೊಂಡರು.

ನನ್ನ ಕಿವಿ ಬಿಸಿಯಾಯಿತು. ದೇವರಾಣೆಗೂ ಹೇಳುತ್ತೇನೆ, ಬರೆಯುವಾಗ ನನಗೆ ಅದು ಹೊಳೆದೇ ಇರಲಿಲ್ಲ. ಎಲ್ಲರದ್ದೂ ಕತ್ತರಿಸಿದ್ದೆ, ನನ್ನದರ ಹತ್ತಿರ ಬಂದಾಗ ಇಲ್ಲಿ ಕತ್ತರಿಸಿದರೆ ಆಟ ಕೆಡುತ್ತದೆ ಎಂದು ಪ್ರಾಮಾಣಿಕವಾಗಿ ಅನ್ನಿಸಿತ್ತು. ಹದಿಮೂರು ಜನರೂ ಅದನ್ನು ಕೇಳಿದ ಕೂಡಲೇ ತಿಳಿದುಕೊಂಡಿದ್ದರು. ತಿಳಿಯದಿದ್ದವನು ಓದಿದವನೊಬ್ಬನೇ.

ಭಾಗವತರು ಕಾಫಿ ಮುಗಿಸಿದರು. ಆಮೇಲೆ ಹೇಳಿದರು: "ನಾನು ಹಾಡಕ್ ಕೂತಾಗ ಕುಣಿಯೋರ ಕಾಲು ನೋಡ್ತಾ ಇರ್ತೀನಿ. ಕಾಲು ಸೋತಿದ್ರೆ ತಾಳ ಒಂಚೂರು ನಿಧಾನ ಮಾಡ್ತೀನಿ. ಮುಂದೆ ಕೂತೋರಿಗೆ ಗೊತ್ತಾಗಲ್ಲ, ಕುಣಿಯೋನಿಗೂ ಗೊತ್ತಾಗಲ್ಲ, ಇವತ್ತು ಚೆನ್ನಾಗ್ ಕುಣ್ದೆ ಅಂದ್ಕೊಳ್ತಾನೆ. ನನ್ನ ಸ್ವರ ಇವತ್ತು ಚೆನ್ನಾಗಿದೆ ಅಂತ ನಾನು ಓಡ್ಸಿದ್ರೆ ಅವ್ನು ಬೀಳ್ತಾನೆ. ಬಿದ್ರೆ ಹೆಸ್ರು ಹೋಗದು ಅವ್ನದ್ದು, ತಪ್ಪು ನಂದು."

ಅಷ್ಟು ಉದ್ದದ ಮಾತನ್ನು ಅವರು ಹಾಡದೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಗೋದಾಮಿಗೆ ವಾಪಸು ಹೋಗುವಾಗ ಪೆನ್ಸಿಲಿನಿಂದ ರಾಣಿಯ ಮೇಲೆ ಗೆರೆ ಎಳೆದೆ. ರಾಜವೇಷದವರ ಬೆನ್ನಿನ ಹಿಂದೆ ಕೂತು, ನನ್ನ ಹದಿನೆಂಟು ನಿಮಿಷವನ್ನೂ ನೀವೇ ತೆಗೆದುಕೊಳ್ಳಿ, ಇವತ್ತು ನನಗೆ ವೇಷ ಬೇಡ, ತೆರೆ ಹಿಡಿಯುತ್ತೇನೆ ಎಂದೆ. ಅವರು ಗೋಡೆಯ ಕಡೆ ಮುಖ ಮಾಡಿಯೇ ಕೇಳಿದರು:

"ತೆರೆ ಹಿಡಿಯಕ್ ಬರ್ತದಾ ನಿಂಗೆ?"

"ಹೇಳ್ಕೊಡಿ."

"ನೆಲದಿಂದ ಎರಡು ಗೇಣು ಬಿಟ್ಟು ಹಿಡೀಬೇಕು. ಜನ ಮೊದ್ಲು ಕಾಲು ನೋಡದು, ಆಮೇಲೆ ಮುಖ" ಎನ್ನುತ್ತ ಎದ್ದು ಕೂತರು. ಬಣ್ಣದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. ರಾಕ್ಷಸವೇಷದವನು ಬಾಗಿಲಲ್ಲೇ ನಿಂತಿದ್ದನು, ಇನ್ನರ್ಧ ಮುಖಕ್ಕೆ ಬಣ್ಣ ಹಚ್ಚಲು ಓಡಿದ.

ಕಾಫಿ ಒಣಗಿಸುವ ಕಣವೇ ರಂಗ. ನಾಲ್ಕೂವರೆಯ ಬಿಸಿಲು. ದೀವಟಿಗೆಯ ಬೆಳಕಿಗೆಂದು ಹಚ್ಚಿಕೊಳ್ಳುವ ಬಣ್ಣ ಬಿಸಿಲಿನಲ್ಲಿ ಕಣ್ಣಿಗೆ ಹೊಡೆಯುತ್ತಿತ್ತು. ದೊರೆಯೂ ಅವರ ಹೆಂಡತಿಯೂ ಬೆತ್ತದ ಕುರ್ಚಿಯಲ್ಲಿ, ಸಾಹುಕಾರರು ಪಕ್ಕದಲ್ಲಿ, ತೋಟದ ಆಳುಗಳು ಕಣದ ಸುತ್ತ. ದೊರೆಯ ನಾಯಿ ರಾಕ್ಷಸನ ಮೊದಲ ಕೂಗಿಗೇ ದೊರೆಸಾನಿಯ ಕುರ್ಚಿಯ ಕೆಳಗೆ ಸೇರಿ, ಯುದ್ಧ ಮುಗಿಯುವವರೆಗೂ ಹೊರಗೆ ಬರಲಿಲ್ಲ. ರಾಕ್ಷಸವೇಷದವನು ಇದನ್ನು ಸಾಯುವವರೆಗೂ ತನ್ನ ದೊಡ್ಡ ಸನ್ಮಾನವೆಂದು ಹೇಳಿಕೊಳ್ಳುತ್ತಿದ್ದ.

ನಾನು ತೆರೆಯ ಒಂದು ತುದಿ ಹಿಡಿದಿದ್ದೆ. ಅದರ ಹಿಂದೆ, ನನ್ನಿಂದ ಒಂದು ಮೊಳ ದೂರದಲ್ಲಿ, ರಾಜವೇಷದವರು ಹೆಜ್ಜೆ ಹಾಕುತ್ತಿದ್ದರು. ಬಲಗಾಲಿನ ಮಂಡಿ ಬಾತಿತ್ತು. ಪ್ರತಿ ಸಲ ಆ ಕಾಲಿನ ಮೇಲೆ ಭಾರ ಬಿದ್ದಾಗ ಹೆಬ್ಬೆರಳು ನೆಲವನ್ನು ಅವುಚಿ ಹಿಡಿಯುತ್ತಿತ್ತು. ನಾನು ಹತ್ತು ವರ್ಷ ಅವರ ರಾಣಿಯಾಗಿ ಪಕ್ಕದಲ್ಲೇ ಕುಣಿದವನು. ಒಂದು ದಿನವೂ ಕಂಡಿರಲಿಲ್ಲ, ನನ್ನ ಕಣ್ಣು ಯಾವಾಗಲೂ ಜನರ ಮೇಲೆ ಇರುತ್ತಿತ್ತು. ಮಂಡಿ ನೋವು ಎಂದು ಅವರು ಹೇಳಿದ್ದು ಹಟಕ್ಕಲ್ಲ. ಭಾಗವತರ ಕಡೆ ನೋಡಿದೆ. ಅವರ ದೃಷ್ಟಿಯೂ ಆ ಕಾಲಿನ ಮೇಲೇ ಇತ್ತು, ತಾಳ ಒಂದು ಎಳೆಯಷ್ಟು ನಿಧಾನವಾಗಿತ್ತು.

ತೆರೆ ಸರಿಯಿತು. ರಾಜರು ಬಂದರು, ಕುಣಿದರು, ನಿಂತು ಮಾತಿಗೆ ತೊಡಗಿದರು. ಪ್ರಸಂಗದಲ್ಲಿ ಆ ಜಾಗದಲ್ಲಿ ರಾಣಿ ಬರಬೇಕು. ರಾಣಿ ಇಲ್ಲ. ಯಕ್ಷಗಾನದಲ್ಲಿ ಮಾತನ್ನು ಯಾರೂ ಬರೆದುಕೊಡುವುದಿಲ್ಲ, ಅಲ್ಲಲ್ಲೇ ಕಟ್ಟಬೇಕು. ಅವರು ಅಂತಃಪುರದ ಕಡೆ ಕೈ ತೋರಿಸಿ, ಗಂಭೀರವಾಗಿ ಹೇಳಿದರು: "ನಮ್ಮ ಪಟ್ಟದರಸಿ ಇಂದು ಸಭೆಗೆ ಬರಲಾರಳು. ಹೊತ್ತು ಹೊತ್ತಿಗೆ ಯಾರು ಯಾರು ಏನೇನು ಮಾಡಬೇಕೆಂದು ಪಟ್ಟಿ ಬರೆದು ಬರೆದು ಬಹಳ ಬಳಲಿದ್ದಾಳೆ."

ಮದ್ದಳೆಯವನ ಕೈ ತಪ್ಪಿತು. ಭಾಗವತರು ತಲೆ ತಗ್ಗಿಸಿದರು, ಅವರ ಹೆಗಲು ಕುಲುಕುತ್ತಿತ್ತು. ನಾನು ಮಡಿಸಿದ ತೆರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಮುಂದೆ ನಿಂತಿದ್ದೆ. ಏನು ಮಾಡುವುದು, ನಾನೂ ನಕ್ಕೆ. ಆ ಏಳು ದಿನಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಆಟ ಶುರುವಾಗಿ ಒಂದು ಗಂಟೆ ಆಯಿತು. ಸಾಹುಕಾರರು ನನ್ನ ಕಡೆ ನೋಡಿದರು. ನಾನು ಹೋಗಿ ಅವರ ಕಿವಿಯಲ್ಲಿ, ಇನ್ನೂ ಅರ್ಧ ಗಂಟೆ ಬೇಕು, ನಿನ್ನೆ ನಾನು ಕೇಳದೆ ಮಾತು ಕೊಟ್ಟದ್ದು ತಪ್ಪಾಯಿತು ಎಂದೆ. ಅವರು ದೊರೆಗೆ ಏನೋ ಹೇಳಿದರು. ದೊರೆ ಕೂತಲ್ಲಿಂದ ಏಳಲಿಲ್ಲ. ಯುದ್ಧ ಮುಗಿಯುವಾಗ ಗುಡ್ಡದ ನೆರಳು ಅರ್ಧ ಕಣಕ್ಕೆ ಬಂದಿತ್ತು. ಹೊರಡುವಾಗ ದೊರೆಯ ಹೆಂಡತಿ, ಆ ರಾಣಿ ಕೊನೆಗೂ ಬರಲಿಲ್ಲವಲ್ಲ ಎಂದು ಸಾಹುಕಾರರ ಮೂಲಕ ವಿಚಾರಿಸಿದರು. ಸಾಹುಕಾರರು ನನ್ನ ಕಡೆ ಕೈ ತೋರಿಸಿದರು. ಆಯಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಂಬದೆ, ಇನ್ನೊಂದು ಸಲ ಕೇಳಿದರು.

ಉಳಿದ ಐದು ದಿನ ನಾನು ಗಾಡಿಯ ಹಿಂದೆ ನಡೆದೆ. ಹಾಜರಿ ನಿಲ್ಲಿಸಿದೆ. ಆದರೆ ಒಮ್ಮೆಲೇ ಬುದ್ಧಿ ಬಂತು ಎಂದರೆ ಸುಳ್ಳಾಗುತ್ತದೆ. ಕೇಳದೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಎನ್ನುವ ಹಾಗೆ ಎಲ್ಲವನ್ನೂ ಎಲ್ಲರನ್ನೂ ಕೇಳತೊಡಗಿದೆ. ಮುಂದಿನ ತೋಟದಲ್ಲಿ ಯಾವ ಪ್ರಸಂಗ ಆಡುವುದೆಂದು ಕೇಳಿದ್ದಕ್ಕೆ ಹದಿಮೂರು ಅಭಿಪ್ರಾಯ ಬಂದು, ಮಾತು ಮುಗಿಯುವಾಗ ಅನ್ನ ತಣ್ಣಗಾಗಿ ಕಲ್ಲಾಗಿತ್ತು. ಭಾಗವತರು ಆ ಅನ್ನ ಕಲಸುತ್ತ, "ಕಾಲು ನೋಡು ಅಂದೆ, ಕಾಲಿಗೆ ಬೀಳು ಅನ್ಲಿಲ್ಲ" ಎಂದರು.

ಹನ್ನೆರಡನೆಯ ದಿನ ಯಜಮಾನರು ಕುಂಟುತ್ತ ಬಂದು ಸೇರಿಕೊಂಡರು. ಅವರಿಗೆ ಎಲ್ಲ ಸುದ್ದಿಯೂ ಮೊದಲೇ ಮುಟ್ಟಿತ್ತು, ಮದ್ದಳೆಯವನು ಇರುವಾಗ ಅಂಚೆಯವನ ಅಗತ್ಯ ಇರಲಿಲ್ಲ. ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳುವ ಧೈರ್ಯ ಮಾಡಿದೆ. ಭಾಗವತರನ್ನೂ ರಾಜವೇಷದವರನ್ನೂ ಮೊದಲು ಕೇಳಿದ್ದಾಗಿಯೂ, ಅವರಿಬ್ಬರೂ ಆ ಕೆಲಸ ತಮಗೆ ಬೇಡವೆಂದು ನನ್ನ ಹೆಸರು ಹೇಳಿದ್ದಾಗಿಯೂ ತಿಳಿಸಿದರು. ಇನ್ನೂ ಕಲಿಯುವ ವಯಸ್ಸು ಅವನಿಗೆ ಮಾತ್ರ ಇದೆ ಎಂದಿದ್ದರಂತೆ.

ನಾಲ್ಕು ವರ್ಷದ ಮೇಲೆ ಯಜಮಾನರು ತೀರಿಕೊಂಡಾಗ ಮೇಳ ನಿಜವಾಗಿಯೂ ನನ್ನ ಕೈಗೆ ಬಂತು. ರಾಜವೇಷದವರಿಗೆ ಆಗ ಕುಣಿಯಲು ಆಗುತ್ತಿರಲಿಲ್ಲ. ಅದನ್ನು ಅವರಿಗೆ ಯಾರಾದರೂ ಹೇಳಬೇಕಿತ್ತು, ಹೇಳಬೇಕಾದವನು ನಾನೇ. ಮೂರು ಸಲ ಅವರ ಮನೆಗೆ ಹೋಗಿ, ಮೂರು ಸಲವೂ ಮೆಣಸಿನ ಬೆಳೆಯ ಬಗ್ಗೆ ಮಾತಾಡಿ ಬಂದೆ. ನಾಲ್ಕನೆಯ ಸಲ ಅವರೇ, ಮೆಣಸು ಚೆನ್ನಾಗಿದೆ ಮಾರಾಯ, ಬಂದ ವಿಷಯ ಹೇಳು ಎಂದರು. ಹೊಸಬರಿಗೆ ಹೆಜ್ಜೆ ಕಲಿಸುವವರು ಬೇಕಾಗಿದ್ದಾರೆ ಎಂದೆ. ಅವರು ಮಂಡಿ ನೀವಿಕೊಳ್ಳುತ್ತ, ಯಾವಾಗಿನಿಂದ ಎಂದು ಕೇಳಿದರು.

ಆ ಮಳೆಗಾಲದಲ್ಲಿ ಅವರ ಜಗಲಿಯ ಮೇಲೆ ಐದು ಜನ ಕಲಿಯಲು ಸೇರಿದರು. ಅವರ ಬಾಯಿಗೆ ಹೆದರಿ ಇಬ್ಬರು ಹದಿನೈದು ದಿನದೊಳಗೆ ಕಾಣೆಯಾದರು. ಉಳಿದ ಮೂವರೂ ನನಗಿಂತ ಚೆನ್ನಾಗಿ ಕುಣಿದರು. ಇದನ್ನು ನಾನು ಒಪ್ಪಿಕೊಂಡದ್ದು ಬಹಳ ವರ್ಷಗಳ ಮೇಲೆ, ಅದೂ ಆ ಮೂವರ ಎದುರಿಗಲ್ಲ.